ಎರವಲು ಕಾರಿಗೆ ಬಿದ್ದ ಗೀರು

ನಮ್ಮ ಅಡುಗೆಮನೆಯ ಮಾತಿನಲ್ಲಿ ಕಡ ಬೇರೆ, ಎರವಲು ಬೇರೆ. ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ತಂದರೆ ಅದು ಕಡ. ನಾಳೆ ಹಿಂದಕ್ಕೆ ಹೋಗುವುದು ಅದೇ ಸಕ್ಕರೆಯಲ್ಲ, ಅದೇ ಅಳತೆಯ ಬೇರೆ ಸಕ್ಕರೆ. ಅದೇ ಮನೆಯಿಂದ ಹೋಳಿಗೆ ಬೇಯಿಸಲು ಕಾವಲಿ ತಂದರೆ ಅದು ಎರವಲು. ಹಬ್ಬ ಮುಗಿದ ಮೇಲೆ ಅದೇ ಕಾವಲಿ, ಅದೇ ಹಿಡಿಯೊಂದಿಗೆ, ತೊಳೆದು ಒರೆಸಿಕೊಂಡು ವಾಪಸು ಹೋಗಬೇಕು. ಸಾಲಕ್ಕೆ ಬಡ್ಡಿ ಉಂಟು, ಒತ್ತೆಗೆ ಚೀಟಿ ಉಂಟು, ಬಾಡಿಗೆಗೆ ದಿನದ ಲೆಕ್ಕ ಉಂಟು. ಎರವಲಿಗೆ ಇರುವುದು ಮುಖದಾಕ್ಷಿಣ್ಯ ಮಾತ್ರ. ಅದಕ್ಕೇ ಎರವಲು ತಂದ ವಸ್ತುವಿಗೆ ಏನಾದರೂ ಆದಾಗ ಆಗುವ ಕಸಿವಿಸಿ ನಮ್ಮದೇ ವಸ್ತು ಒಡೆದಾಗ ಆಗುವುದಿಲ್ಲ.

ಪ್ರಾಚೀನ ರೋಮಿನ ಕಾನೂನು ಪಂಡಿತರು ಕೂಡ ಈ ಎರಡನ್ನೂ ಬೇರೆ ಮಾಡಿ, ಮೊದಲನೆಯದಕ್ಕೆ ಮ್ಯೂಟುಅಮ್ ಎಂದೂ ಎರಡನೆಯದಕ್ಕೆ ಕೊಮೊಡಾಟಮ್ ಎಂದೂ ಹೆಸರಿಟ್ಟರು. ನಮ್ಮ ಅಜ್ಜಿಯರಿಗೆ ಲ್ಯಾಟಿನ್ ಬರುತ್ತಿರಲಿಲ್ಲ, ಆದರೆ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ನಿಮ್ಮ ಮನೆಯ ಹಳೆಯ ಪಾತ್ರೆಗಳ ಅಂಚನ್ನು ಒಮ್ಮೆ ತಿರುಗಿಸಿ ನೋಡಿ. ಚುಕ್ಕಿ ಚುಕ್ಕಿಯಾಗಿ ಕೊಟ್ಟವರ ಹೆಸರು, ಕೆಲವು ಕಡೆ ತಾರೀಖು ಕೂಡ ಕೊರೆದಿರುತ್ತದೆ. ಆ ಹೆಸರು ನೆನಪಿಗೆ ಮಾತ್ರ ಕೊರೆಸಿದ್ದಲ್ಲ. ಒಂದು ಮದುವೆಮನೆಗೆ ಹತ್ತು ಮನೆಯ ಕೊಳದಪ್ಪಲೆ, ಹರಿವಾಣ, ಸೌಟು ಸೇರಿದಾಗ ಯಾವುದು ಯಾರದು ಎಂದು ತಿಳಿಯಬೇಕಲ್ಲ! ವಾಪಸು ಬಂದ ಪಾತ್ರೆಯಲ್ಲಿ ಹೊಸ ನೆಗ್ಗು ಕಂಡರೆ ಅಜ್ಜಿ ಏನೂ ಅನ್ನುತ್ತಿರಲಿಲ್ಲ. ಮುಂದಿನ ಸಲ ಕೇಳಲು ಬಂದಾಗ, "ಅದು ಅಟ್ಟದ ಮೇಲಿದೆ ಕಣಮ್ಮ, ಇಳಿಸೋರಿಲ್ಲ" ಅನ್ನುತ್ತಿದ್ದರು. ಬೀದಿಯ ನ್ಯಾಯ ಅಲ್ಲಿಗೆ ಮುಗಿಯುತ್ತಿತ್ತು.

ಈಗ ಅದೇ ಎರವಲು ಕಾರಿನ ರೂಪದಲ್ಲಿ ನಮ್ಮ ಮನೆಗಳಿಗೆ ಬಂದಿದೆ. ನಮ್ಮ ಕಾರನ್ನು ಸರ್ವೀಸಿಗೋ ರಿಪೇರಿಗೋ ಶೋರೂಮಿನಲ್ಲಿ ಬಿಟ್ಟಾಗ, ಕೆಲಸಕ್ಕೆ ನಾಲ್ಕೈದು ದಿನ ಹಿಡಿಯುವುದಾದರೆ, ಕೆಲವು ಕಡೆ ತಮ್ಮದೇ ಒಂದು ಕಾರು ಕೊಟ್ಟು ಕಳಿಸುತ್ತಾರೆ. ಅನುಕೂಲವೇನೋ ಹೌದು. ಆದರೆ ಆ ಕಾರಿಗೆ ನಮ್ಮ ಕೈಯಲ್ಲಿ ಗೀರು ಬಿದ್ದರೆ? ದುಡ್ಡು ಯಾರು ಕೊಡಬೇಕು, ಎಷ್ಟು ಕೊಡಬೇಕು, ಹೇಳುವುದೇ ಅಥವಾ ಸುಮ್ಮನಿರುವುದೇ? ಹೋದ ಮಳೆಗಾಲದಲ್ಲಿ ಈ ಪ್ರಶ್ನೆ ಕತ್ರಿಗುಪ್ಪೆಯ ನಮ್ಮ ಮನೆಗೇ ಬಂತು. ಅದನ್ನು ಹೇಳುತ್ತೇನೆ. ಅದಕ್ಕೆ ಮೊದಲು, ವರ್ಷಗಟ್ಟಲೆ ಇತಿಹಾಸ ಪಾಠ ಹೇಳಿದವಳ ಚಟ, ಸ್ವಲ್ಪ ಹಿಂದಕ್ಕೆ ಹೋಗಿ ಬರೋಣ. ಈ ಪ್ರಶ್ನೆ ಕಾರಿಗಿಂತ ಬಹಳ ಹಳೆಯದು. ಅದಕ್ಕೆ ಉತ್ತರ ಬರೆದವರಲ್ಲಿ ಬಹು ದೊಡ್ಡವರೊಬ್ಬರು ನಮ್ಮ ಕರ್ನಾಟಕದಲ್ಲೇ ಕುಳಿತು ಬರೆದರು.

ಅವರು ವಿಜ್ಞಾನೇಶ್ವರ. ಈಗ ಬೀದರ್ ಜಿಲ್ಲೆಯಲ್ಲಿರುವ ಬಸವಕಲ್ಯಾಣ ಆಗ ಕಲ್ಯಾಣ, ಚಾಲುಕ್ಯರ ರಾಜಧಾನಿ. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರರು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದರು. ಆಸ್ತಿ ಪಾಲಿನ ಮಾತು ಬಂದಾಗ ವಕೀಲರ ಬಾಯಲ್ಲಿ ನೀವು ಈ ಹೆಸರು ಕೇಳಿರುತ್ತೀರಿ. ಅವಿಭಕ್ತ ಕುಟುಂಬದ ಆಸ್ತಿ ಯಾರಿಗೆ ಹೇಗೆ ಹೋಗಬೇಕು ಎಂಬುದಕ್ಕೆ ದೇಶದ ಬಹುಭಾಗದಲ್ಲಿ ಈ ಗ್ರಂಥವೇ ಆಧಾರವಾಗಿತ್ತು. ಅದರಲ್ಲಿ ಮಗಳಿಗೆ ಇಲ್ಲದ ಸಮಪಾಲನ್ನು 1994ರಲ್ಲಿ ಕರ್ನಾಟಕದ ತಿದ್ದುಪಡಿ, ಆ ವೇಳೆಗೆ ಮದುವೆಯಾಗಿರದ ಹೆಣ್ಣುಮಕ್ಕಳ ಮಟ್ಟಿಗೆ, ಕೊಟ್ಟಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ಎಲ್ಲ ಹೆಣ್ಣುಮಕ್ಕಳಿಗೂ ಕೊಟ್ಟಿತು. ಇದು ಎಲ್ಲರಿಗೂ ಗೊತ್ತಿರುವ ಮಿತಾಕ್ಷರಾ.

ಅದೇ ಗ್ರಂಥದ ಇನ್ನೊಂದು ಮೂಲೆಯಲ್ಲಿ ಎರವಲಿನ ಮಾತಿದೆ. ಬೇರೆಯವರ ವಸ್ತುವನ್ನು ನಂಬಿಕೆಯ ಮೇಲೆ ಇಟ್ಟುಕೊಂಡವರ ಹೊಣೆ ಏನು ಎಂದು ಯಾಜ್ಞವಲ್ಕ್ಯರು ಹೇಳಿ, ಕೇಳಿ ತಂದ ವಸ್ತುವಿಗೂ ಅದೇ ನಿಯಮ ಎನ್ನುತ್ತಾರೆ. ಕೇಳಿ ತಂದ ವಸ್ತುವೆಂದರೆ ಯಾವುದು? ವಿಜ್ಞಾನೇಶ್ವರರು ಕೊಡುವ ಉದಾಹರಣೆ ಕತ್ತಿಯೂ ಅಲ್ಲ, ಕುದುರೆಯೂ ಅಲ್ಲ. ಮದುವೆ ಮೊದಲಾದ ಉತ್ಸವಗಳಿಗೆಂದು ಕೇಳಿ ತಂದ ಬಟ್ಟೆ, ಒಡವೆ! ಒಂಬತ್ತು ಶತಮಾನದ ಹಿಂದೆಯೂ ಕಲ್ಯಾಣದ ಹೆಂಗಸರು ಮದುವೆಗೆ ಒಡವೆ ಎರವಲು ತರುತ್ತಿದ್ದರು ಎಂದಾಯಿತು. ಯಾರದೋ ಸರದ ಕೊಂಡಿ ಕಳಚಿ, ಯಾರದೋ ಸೀರೆಯ ಅಂಚು ಹರಿದು, ವ್ಯಾಜ್ಯ ಪಂಡಿತರ ಕಿವಿಗೂ ಬಿದ್ದಿರಬೇಕು ಎಂದು ನನಗೆ ಅನ್ನಿಸುತ್ತದೆ.

ಆ ನಿಯಮ ಇಷ್ಟು. ವಸ್ತು ದೈವದಿಂದಲೋ, ರಾಜನಿಂದಲೋ, ಕಳ್ಳರಿಂದಲೋ ಹೋದರೆ ತಂದವರು ಕಟ್ಟಿಕೊಡಬೇಕಿಲ್ಲ. ಆದರೆ ಒಡೆಯ ಕೇಳಿದ ಮೇಲೂ ಕೊಡದೆ ಇಟ್ಟುಕೊಂಡಾಗ ಹೋದರೆ, ವಸ್ತುವಿನ ಬೆಲೆಯನ್ನೂ ಕೊಡಬೇಕು, ಅಷ್ಟೇ ದಂಡವನ್ನೂ ತೆರಬೇಕು. ಒಪ್ಪಿಗೆಯಿಲ್ಲದೆ ಅದನ್ನು ತನ್ನ ಸಂಪಾದನೆಗೆ ಬಳಸಿಕೊಂಡರೆ ಅದಕ್ಕೂ ದಂಡ. ಹೊಣೆ ನಿಂತಿರುವುದು ವಸ್ತು ಹೇಗೆ ಹೋಯಿತು, ಆಗ ಅದು ನಿಮ್ಮ ಬಳಿ ಯಾವ ಹಕ್ಕಿನಿಂದ ಇತ್ತು ಎಂಬುದರ ಮೇಲೆ.

ಇದಕ್ಕೂ ಹಳೆಯ ಮಾತು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದೆ. ಆ ಪುಸ್ತಕ ಬಹುಕಾಲ ಹೆಸರಿಗೆ ಮಾತ್ರ ಉಳಿದು, ಓದಲು ಸಿಕ್ಕದೆ ಹೋಗಿತ್ತು. ಅದರ ತಾಳೆಗರಿ ಪ್ರತಿ 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದು ಆರ್. ಶಾಮಶಾಸ್ತ್ರಿಗಳ ಕೈ ಸೇರಿತು. 1909ರಲ್ಲಿ ಅವರು ಅದನ್ನು ಅಚ್ಚು ಹಾಕಿಸಿದರು, 1915ರಲ್ಲಿ ಇಂಗ್ಲಿಷಿನಲ್ಲೂ ಪ್ರಕಟಿಸಿದರು. ಅದರಲ್ಲಿ ಎರವಲು ತಂದ ವಸ್ತುವನ್ನೂ ಬಾಡಿಗೆಗೆ ತಂದ ವಸ್ತುವನ್ನೂ ಒಟ್ಟಿಗೆ ಇಟ್ಟು ಮಾತಾಡುತ್ತಾರೆ. ಹೇಗೆ ತಂದಿರೋ ಹಾಗೇ ಒಪ್ಪಿಸಬೇಕು. ಆದರೆ ಅನಿವಾರ್ಯ ಆಪತ್ತಿನಿಂದ ಹಾಳಾದರೆ ಹೊಣೆಯಿಲ್ಲ. ನಮ್ಮ ಅಜ್ಜಿಯ ಕಾವಲಿಯ ನಿಯಮವೇ ಇದು.

ಗಾಡಿಯ ವಿಚಾರಕ್ಕೆ ಬಂದರೆ ಮನುಸ್ಮೃತಿಯಲ್ಲೊಂದು ಲೆಕ್ಕವಿದೆ. ಸಾರಥಿಗೆ ಹೊಡೆಯಲು ಸರಿಯಾಗಿ ಬಾರದೆ ಗಾಡಿ ದಾರಿ ತಪ್ಪಿ ಹಾನಿಯಾದರೆ, ಅಂಥವನ ಕೈಗೆ ಗಾಡಿ ಕೊಟ್ಟ ಒಡೆಯನಿಗೆ 200 ಪಣ ದಂಡ. ಬಲ್ಲ ಸಾರಥಿಯಾಗಿದ್ದರೆ ದಂಡ ಸಾರಥಿಗೇ. ಮೂಗುದಾರ ಕಡಿದುಹೋದದ್ದು, ನೊಗ ಮುರಿದದ್ದು ಮುಂತಾದ ಸಂದರ್ಭಗಳಲ್ಲಿ ಯಾರಿಗೂ ದಂಡವಿಲ್ಲ. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಹೊಡೆದವರು ಗಂಡೋ ಹೆಣ್ಣೋ ಎಂಬ ಪ್ರಶ್ನೆ ಈ ಲೆಕ್ಕದಲ್ಲಿ ಬರುವುದಿಲ್ಲ. ಹೊಡೆಯಲು ಬರುತ್ತಿತ್ತೇ ಇಲ್ಲವೇ ಎಂಬುದಷ್ಟೇ ಬರುತ್ತದೆ. ಈಗಿನ ಡ್ರೈವಿಂಗ್ ಲೈಸೆನ್ಸ್ ಕೇಳುವ ಪ್ರಶ್ನೆಯೂ ಅದೇ.

ಮುಂದೆ ಇಂಗ್ಲಿಷರ ಕಾನೂನು ಬಂತು. 1703ರಲ್ಲಿ ಲಂಡನ್ನಿನಲ್ಲಿ ಬ್ರಾಂದಿ ಪೀಪಾಯಿಗಳ ಒಂದು ಮೊಕದ್ದಮೆ ನಡೆಯಿತು. ಒಬ್ಬಾತ ಸ್ನೇಹಕ್ಕಾಗಿ ಇನ್ನೊಬ್ಬನ ಪೀಪಾಯಿಗಳನ್ನು ಒಂದು ನೆಲಮಾಳಿಗೆಯಿಂದ ಇನ್ನೊಂದಕ್ಕೆ ಸಾಗಿಸಲು ಒಪ್ಪಿದ್ದ. ಒಂದು ಪೀಪಾಯಿ ಒಡೆದು ಬ್ರಾಂದಿ ಚೆಲ್ಲಿತು. ಆ ತೀರ್ಪಿನಲ್ಲಿ ಮುಖ್ಯ ನ್ಯಾಯಾಧೀಶ ಹೋಲ್ಟ್ ಬೇರೆಯವರ ವಸ್ತು ನಮ್ಮ ಕೈಗೆ ಬರುವ ಬಗೆಗಳನ್ನು ಒಂದೊಂದಾಗಿ ವಿಂಗಡಿಸಿದರು. ತನ್ನ ಉಪಯೋಗಕ್ಕೆಂದು ಪುಕ್ಕಟೆಯಾಗಿ ಎರವಲು ತಂದವರು ಅತ್ಯಂತ ಸಣ್ಣ ಅಜಾಗರೂಕತೆಗೂ ಹೊಣೆ ಎಂದರು. ಲಾಭವೆಲ್ಲ ತಂದವರದೇ ಆದ್ದರಿಂದ ಎಚ್ಚರವೂ ಅವರದೇ ಹೆಚ್ಚಿರಬೇಕು ಎಂಬ ತರ್ಕ.

ನಮ್ಮ ದೇಶದಲ್ಲಿ 1872ರ ಕರಾರು ಕಾಯಿದೆ ಈ ಮೆಟ್ಟಿಲುಗಳನ್ನು ತೆಗೆದುಹಾಕಿತು. ಈಗಲೂ ನಡೆಯುತ್ತಿರುವ ಆ ಕಾಯಿದೆಯಲ್ಲಿ 148ನೇ ಕಲಮಿನಿಂದ ಬೇಲ್‌ಮೆಂಟ್ ಎಂಬ ಅಧ್ಯಾಯವಿದೆ. ಬೇರೆಯವರ ವಸ್ತು ನಮ್ಮ ವಶದಲ್ಲಿದ್ದು, ಕೆಲಸ ಮುಗಿದ ಮೇಲೆ ವಾಪಸು ಹೋಗಬೇಕಾದ ಎಲ್ಲ ಸಂಬಂಧಗಳೂ ಅದರೊಳಗೆ ಬರುತ್ತವೆ: ಡ್ರೈಕ್ಲೀನಿಂಗಿಗೆ ಕೊಟ್ಟ ಸೀರೆ, ರಿಪೇರಿಗೆ ಕೊಟ್ಟ ಗಡಿಯಾರ, ಎರವಲು ತಂದ ಕಾರು. 151ನೇ ಕಲಮಿನ ಪ್ರಕಾರ, ಸಾಧಾರಣ ವಿವೇಕವುಳ್ಳ ಮನುಷ್ಯರು ಅಂಥ ಸಂದರ್ಭದಲ್ಲಿ ಅಂಥದೇ ತಮ್ಮ ವಸ್ತುವನ್ನು ಎಷ್ಟು ಜೋಪಾನ ಮಾಡುತ್ತಾರೋ ಅಷ್ಟು ಜೋಪಾನ ಮಾಡಬೇಕು. 152ರ ಪ್ರಕಾರ, ಹಾಗೆ ಜೋಪಾನ ಮಾಡಿಯೂ ಹಾಳಾದರೆ ಹೊಣೆಯಿಲ್ಲ. ಆದರೆ ಅದರಲ್ಲೇ ಒಂದು ಷರತ್ತು ಸೇರಿದೆ: ಬೇರೆ ವಿಶೇಷ ಕರಾರು ಮಾಡಿಕೊಂಡಿರದಿದ್ದರೆ. ಶೋರೂಮಿನವರು ಕಾರಿನ ಕೀ ಕೊಡುವಾಗ ಒಂದು ಹಾಳೆಗೆ ಸಹಿ ಹಾಕಿಸಿಕೊಳ್ಳುತ್ತಾರಲ್ಲ, ಆ ವಿಶೇಷ ಕರಾರು ಅದೇ.

161ನೇ ಕಲಮನ್ನು ಓದಿದಾಗ ನನಗೆ ಕಲ್ಯಾಣ ನೆನಪಾಯಿತು. ಹೇಳಿದ ಹೊತ್ತಿಗೆ ವಸ್ತುವನ್ನು ವಾಪಸು ಕೊಡದಿದ್ದರೆ, ಆಮೇಲೆ ಆಗುವ ನಷ್ಟಕ್ಕೆಲ್ಲ ಇಟ್ಟುಕೊಂಡವರೇ ಹೊಣೆ. ಎಂಟುನೂರು ವರ್ಷದ ಅಂತರದಲ್ಲಿ, ಬೇರೆ ಬೇರೆ ಭಾಷೆಯಲ್ಲಿ, ಇಬ್ಬರೂ ಬಂದು ನಿಂತದ್ದು ಒಂದೇ ಕಡೆ.

ಆ ಅಧ್ಯಾಯದ 154ನೇ ಕಲಮಿನಲ್ಲಿ ಒಂದು ಕುದುರೆಯ ಉದಾಹರಣೆಯಿದೆ. ಒಬ್ಬಾತ ಇನ್ನೊಬ್ಬನಿಗೆ, ನೀನು ಮಾತ್ರ ಸವಾರಿ ಮಾಡು ಎಂದು ಕುದುರೆ ಎರವಲು ಕೊಡುತ್ತಾನೆ. ಅವನು ತನ್ನ ಮನೆಯವರೊಬ್ಬರಿಗೆ ಅದನ್ನು ಏರಲು ಬಿಡುತ್ತಾನೆ. ಆ ಮನೆಯವರು ಜೋಪಾನವಾಗಿಯೇ ಸವಾರಿ ಮಾಡುತ್ತಾರೆ. ಆದರೂ ಕುದುರೆ ಆಕಸ್ಮಿಕವಾಗಿ ಬಿದ್ದು ಗಾಯಮಾಡಿಕೊಳ್ಳುತ್ತದೆ. ಎರವಲು ತಂದವನು ನಷ್ಟ ಕಟ್ಟಿಕೊಡಬೇಕು, ಯಾಕೆಂದರೆ ಒಪ್ಪಿಗೆಯಿಲ್ಲದ ಬಳಕೆಗೆ ಜೋಪಾನದ ನೆಪ ನಡೆಯುವುದಿಲ್ಲ. ಇದಕ್ಕೆ ಮೊದಲು, 150ನೇ ಕಲಮಿನಲ್ಲಿ, ಇನ್ನೊಂದು ಕುದುರೆ ಇದೆ. ಅದು ಪುಂಡ ಕುದುರೆ ಎಂದು ಗೊತ್ತಿದ್ದೂ ಒಡೆಯ ಹೇಳದೆ ಎರವಲು ಕೊಟ್ಟ. ಅದು ಓಡಿ ಸವಾರ ಬಿದ್ದ. ಆಗ ಹೊಣೆ ಒಡೆಯನದು. ಬ್ರೇಕು ಸರಿಯಿಲ್ಲದ ಕಾರು ಕೊಟ್ಟವರಿಗೂ ಇದೇ ಮಾತು ಅನ್ವಯವಾಗುತ್ತದೆ ಅನ್ನಿ.

ಈಗ ಕತ್ರಿಗುಪ್ಪೆಗೆ ಬರೋಣ. ನಾವು ಇಲ್ಲಿ 30–40 ಅಡಿಯ ಸೈಟಿನಲ್ಲಿ ಮನೆ ಕಟ್ಟಿಸಿದ್ದು 1986ರಲ್ಲಿ. ಆಗ ಹೊರ ವರ್ತುಲ ರಸ್ತೆ ಇರಲಿಲ್ಲ. ಕಾಮಾಕ್ಯದ ಸುತ್ತ ಈಗಿನ ಗದ್ದಲವೂ ಇರಲಿಲ್ಲ. ನಮ್ಮಲ್ಲಿದ್ದದ್ದು ಒಂದು ಸ್ಕೂಟರು. ನಮ್ಮ ಮನೆಯವರು ಮಾತ್ರ ದೂರದ ಆಲೋಚನೆ ಮಾಡಿ, "ಮುಂದೆ ಮಾರುತಿ ಬಂದ್ರೆ ಇರಲಿ" ಎಂದು ಏಳು ಅಡಿಯ ಗೇಟು ಇಡಿಸಿದರು. ಎರಡು ಕಡೆ ಕಲ್ಲಿನ ಕಂಬ, ಮುಂದೆ ಚರಂಡಿಯ ಮೇಲೆ ಚಪ್ಪಡಿ. ಬೀದಿಯವರೆಲ್ಲ, "ಲಾರಿ ತರ್ತೀರೇನು ಸಾರ್?" ಎಂದು ತಮಾಷೆ ಮಾಡಿದ್ದರು.

ಮಾರುತಿ 800 ಕಾರಿನ ಮೊದಲ ಕೀಯನ್ನು ದೆಹಲಿಯಲ್ಲಿ ಇಂದಿರಾ ಗಾಂಧಿ ಕೊಟ್ಟದ್ದು 1983ರ ಡಿಸೆಂಬರಿನಲ್ಲಿ. ಅದರ ಅಗಲ 1,440 ಮಿಲಿಮೀಟರ್. ನಮ್ಮ ಗೇಟಿನಲ್ಲಿ ಅದು ನುಗ್ಗಿದರೆ ಎರಡು ಪಕ್ಕದಲ್ಲೂ ಒಂದೂವರೆ ಗೇಣು ಜಾಗ ಉಳಿಯುತ್ತಿತ್ತು. 2006ರ ಬಜೆಟ್ಟಿನಲ್ಲಿ, ಉದ್ದ ನಾಲ್ಕು ಮೀಟರ್ ದಾಟದ ಸಣ್ಣ ಎಂಜಿನ್ನಿನ ಕಾರುಗಳಿಗೆ ಸುಂಕವನ್ನು 24ರಿಂದ 16 ಶೇಕಡಕ್ಕೆ ಇಳಿಸಿದರು. ಲೆಕ್ಕಕ್ಕೆ ಹಿಡಿದದ್ದು ಉದ್ದವನ್ನು, ಅಗಲದ ಮಾತೆತ್ತಲಿಲ್ಲ. ಕಾರು ಉದ್ದಕ್ಕೆ ಬೆಳೆಯಲಾಗದೆ ಅಗಲಕ್ಕೂ ಎತ್ತರಕ್ಕೂ ಬೆಳೆಯಿತು. ಈಗಿನ ಎಷ್ಟೋ ಸಣ್ಣ ಕಾರುಗಳ ಅಗಲ 1,700 ಮಿಲಿಮೀಟರ್ ದಾಟಿದೆ, ಕನ್ನಡಿಗಳನ್ನು ಬಿಟ್ಟು. ನಮ್ಮ ಗೇಟಿನಲ್ಲಿ ಪಕ್ಕಕ್ಕೆ ಒಂದು ಗೇಣೂ ಉಳಿಯುವುದಿಲ್ಲ. ಬನಶಂಕರಿ 3ನೇ ಹಂತದಲ್ಲಿ, ಇಟ್ಟಮಡುವಿನಲ್ಲಿ, ಹೊಸಕೆರೆಹಳ್ಳಿಯಲ್ಲಿ ಹಳೆಯ ಗೇಟುಗಳ ಕಂಬಗಳನ್ನು ನೋಡಿ. ಮೊಣಕಾಲೆತ್ತರದಲ್ಲಿ ಬಿಳಿ, ಕೆಂಪು, ನೀಲಿ ಬಣ್ಣದ ಗುರುತುಗಳಿರುತ್ತವೆ. ಅವು ಆ ಬೀದಿಯ ಕಾರುಗಳ ಇತಿಹಾಸ.

ನಮ್ಮ ಮಗನ ಕಾರು ರಿಪೇರಿಗೆ ಹೋಗಿತ್ತು. ಶೋರೂಮಿನವರು ಐದು ದಿನಕ್ಕೆಂದು ತಮ್ಮ ಕಾರು ಕೊಟ್ಟರು, ನಮ್ಮದಕ್ಕಿಂತ ಕೊಂಚ ದೊಡ್ಡದು. ಹಾಳೆಗೆ ಸಹಿ ಹಾಕಿದವನು ಮಗ. ಮೂರನೆಯ ದಿನ ಸಂಜೆ ಜೋರು ಮಳೆ. ಶಾಲೆಯಿಂದ ಮೊಮ್ಮಗಳನ್ನು ಕರೆತರಲು ಆಟೋ ಸಿಗಲಿಲ್ಲ. ಸೊಸೆ ಆ ಕಾರು ತೆಗೆದುಕೊಂಡು ಹೋದಳು. ಎಂಟು ವರ್ಷದಿಂದ ಕಾರು ಓಡಿಸುತ್ತಿರುವವಳು. ವಾಪಸು ಬಂದು ಗೇಟಿನೊಳಗೆ ಹಿಂದಕ್ಕೆ ತರುವಾಗ ಚಪ್ಪಡಿಯ ಮೇಲೆ ಚಕ್ರ ಜಾರಿ, ಹಿಂಬದಿಯ ಎಡ ಮೂಲೆ ಕಂಬಕ್ಕೆ ಉಜ್ಜಿತು. ಬಂಪರಿನ ಮೇಲೆ ಒಂದು ಗೇಣುದ್ದದ ಗೀರು, ಒಂದು ಕಡೆ ಬಣ್ಣದ ಚೂರು ಎದ್ದಿತ್ತು. ಅಷ್ಟೇ.

ಆದರೆ ಮನೆಯಲ್ಲಿ ಅದು ಅಷ್ಟೇ ಆಗಲಿಲ್ಲ. ನಮ್ಮ ಮನೆಯವರು, "ಮೂಲೆ ಅಂಗಡೀಲಿ ಪಾಲಿಷ್ ಹಾಕಿಸಿ ಕೊಟ್ಟುಬಿಡೋಣ, ಯಾರು ನೋಡ್ತಾರೆ?" ಎಂದರು. ಮಗ, "ನಾನೇ ಓಡಿಸ್ತಿದ್ದೆ ಅಂತ ಹೇಳ್ತೀನಿ ಬಿಡು, ಸಹಿ ಹಾಕಿರೋನು ನಾನೇ ತಾನೆ" ಎಂದ. ಅಂದು ಮನೆಗೆ ಬಂದಿದ್ದ ಹಿರಿಯ ಬಂಧುವೊಬ್ಬರು ಕಾಫಿ ಲೋಟ ಕೆಳಗಿಡುತ್ತಾ, "ಹೆಂಗಸರ ಕೈಗೆ ಗಾಡಿ ಕೊಟ್ರೆ ಇನ್ನೇನಾಗತ್ತೆ" ಎಂದರು. ಸೊಸೆ ಮಾತಾಡಲಿಲ್ಲ. ರಾತ್ರಿ ಅಡುಗೆಮನೆಯಲ್ಲಿ ಪಾತ್ರೆ ಎತ್ತಿಡುತ್ತಾ, "ಅತ್ತೆ, ಇನ್ನು ಮೇಲೆ ನಾನು ಕಾರು ಮುಟ್ಟಲ್ಲ" ಎಂದಳು.

ನನಗೆ ನಿಜವಾಗಿ ದಿಗಿಲಾದದ್ದು ಆಗ. ಗೀರಿಗೆ ಬೆಲೆ ಕಟ್ಟಬಹುದು. ಆದರೆ ವಾರಕ್ಕೆ ಎರಡು ಸಲ ನಮ್ಮ ಮನೆಯವರನ್ನು ಫಿಸಿಯೋಥೆರಪಿಗೆ ಕರೆದುಕೊಂಡು ಹೋಗುವವಳು ಅವಳು. ಅವಳು ಕೀ ಕೆಳಗಿಟ್ಟರೆ ನಮ್ಮ ಮನೆ ಅರ್ಧ ನಿಂತುಹೋಗುತ್ತದೆ. ನಮ್ಮ ಪೀಳಿಗೆಯಲ್ಲಿ ಎಷ್ಟು ಹೆಂಗಸರು ಸೈಕಲ್ಲನ್ನೋ ಲೂನಾವನ್ನೋ ಕಲಿತು, ಒಂದು ಸಲ ಬಿದ್ದದ್ದಕ್ಕೆ, ಒಂದು ಸಲ ಯಾರೋ ನಕ್ಕದ್ದಕ್ಕೆ, ಮತ್ತೆ ಹತ್ತಲೇ ಇಲ್ಲ! ಗಂಡಸರ ಗೀರುಗಳನ್ನು ಯಾರೂ ಗಂಡಸರ ಗೀರು ಎನ್ನುವುದಿಲ್ಲ. ನಮ್ಮ ಕಂಬದ ಮೇಲಿನ ನೀಲಿ ಗುರುತು ಯಾರದೆಂದು ಆ ಬಂಧುವಿಗೆ ಗೊತ್ತಿತ್ತು. ಅದು ಅವರ ಕಾರಿನದೇ.

ಬೆಳಿಗ್ಗೆ ನಾನು ಅವಳಿಗೆ ಕುದುರೆಯ ಕತೆ ಹೇಳಿದೆ. ಅವಳು ಎರಡು ಸಲ ಕೇಳಿಸಿಕೊಂಡಳು. ಆಮೇಲೆ, "ಹಾಗಾದ್ರೆ ಇವರು ಓಡಿಸಿದ್ದು ಅಂತ ಹೇಳಿದ್ರೆ ಅದು ಬರೀ ಮಾತಿನ ಸುಳ್ಳಾಗಲ್ಲ. ಓಡಿಸಿದ್ದು ನಾನು, ನಾನೇ ಹೋಗಿ ಹೇಳ್ತೀನಿ. ಬೇಕಾದ್ರೆ ನೀವೂ ಬನ್ನಿ" ಎಂದಳು. ಅವಳು ಹೇಳಿದ್ದು ಸರಿ. ವಿಮೆಗೆ ಅರ್ಜಿ ಹಾಕುವುದಾದರೆ ಆ ಹೊತ್ತಿನಲ್ಲಿ ಓಡಿಸುತ್ತಿದ್ದವರು ಯಾರು, ಅವರ ಲೈಸೆನ್ಸ್ ನಂಬರು ಏನು ಎಂಬುದನ್ನು ಬರೆದು ಸಹಿ ಹಾಕಬೇಕು. ಹೆಂಡತಿಯ ಮೇಲಿನ ಪ್ರೀತಿಗೆ ಹೇಳಿದ ಸುಳ್ಳು ಅಲ್ಲಿ ಕಾಗದದ ಮೇಲಿನ ಸುಳ್ಳಾಗುತ್ತದೆ.

ಶೋರೂಮಿನಲ್ಲಿ ಒಬ್ಬ ಹುಡುಗ ಕಾರು ನೋಡಿದ, ಹಾಳೆ ತೆಗೆದ. ಹಾಳೆಯಲ್ಲಿ ಕಾರಿನ ಚಿತ್ರವಿತ್ತು. ಮೊದಲೇ ಇದ್ದ ಗೀರುಗಳಿಗೆ ಅಡ್ಡಗುರುತು ಹಾಕಿದ್ದರು. ಎಡ ಮೂಲೆಯಲ್ಲಿ ಗುರುತಿರಲಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ, ಸಹಿ ಹಾಕಿದವರು ಮಾತ್ರ ಓಡಿಸಬೇಕು, ಯಾವ ಕಾರಣಕ್ಕೆ ಹಾನಿಯಾದರೂ ಗ್ರಾಹಕರೇ ಭರಿಸಬೇಕು ಎಂದಿತ್ತು. 1872ರ ಕುದುರೆ ಅಲ್ಲೇ ಕೌಂಟರಿನ ಮೇಲೆ ನಿಂತಿತ್ತು! ಬಂಪರಿಗೆ ಪೂರ್ತಿ ಬಣ್ಣ ಹೊಡೆಯಲು 4,800 ರೂಪಾಯಿ ಎಂದರು. ಸೊಸೆ ಅಂದಾಜುಪಟ್ಟಿ ಬರೆಸಿಕೊಂಡು, ಬಿಲ್ಲು ಕೇಳಿ, ತನ್ನ ಸಂಬಳದಿಂದ ಕೊಟ್ಟಳು.

ಒಂದು ಗೀರಿಗೆ ಇಷ್ಟೇಕೆ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಅಂಬಾಸಡರಿನ ಬಂಪರು ಉಕ್ಕಿನದು. ನೆಗ್ಗಿದರೆ ತಟ್ಟಿ ಸರಿಮಾಡುತ್ತಿದ್ದರು, ಗೀರನ್ನು ಯಾರೂ ಲೆಕ್ಕಕ್ಕೇ ಇಡುತ್ತಿರಲಿಲ್ಲ. ಆ ಕಾರೂ ಮಾರುತಿ 800 ಕೂಡ 2014ರಲ್ಲೇ ತಯಾರಿ ನಿಲ್ಲಿಸಿದವು. ಈಗಿನ ಬಂಪರು ಪ್ಲಾಸ್ಟಿಕ್ಕಿನದು, ಕಾರಿನ ಬಣ್ಣದ್ದೇ. ಒಂದು ಮೂಲೆಗೆ ಮಾತ್ರ ಬಣ್ಣ ಹೊಡೆದರೆ ತೇಪೆಯಂತೆ ಕಾಣುತ್ತದೆ, ಅದಕ್ಕೇ ಪೂರ್ತಿ ಹೊಡೆಯುತ್ತಾರೆ.

ವಿಮೆ ಇರುತ್ತದಲ್ಲ ಎಂದರೆ ಅದಕ್ಕೂ ಒಂದು ಲೆಕ್ಕವಿದೆ. 1939ರ ಮೋಟಾರು ವಾಹನ ಕಾಯಿದೆಯೂ ಅದರ ಜಾಗಕ್ಕೆ ಬಂದ 1988ರ ಕಾಯಿದೆಯೂ ಕಡ್ಡಾಯ ಮಾಡಿದ್ದು ಮೂರನೆಯವರ ವಿಮೆಯನ್ನು. ಅಂದರೆ ನಮ್ಮ ಕಾರಿನಿಂದ ಬೇರೆಯವರಿಗೆ ಪೆಟ್ಟಾದರೆ ಅವರಿಗೆ ಪರಿಹಾರ ಸಿಗಲಿ ಎಂದು. ಕಾರಿಗೇ ಆಗುವ ಹಾನಿಯ ವಿಮೆ ಒಡೆಯರ ಇಚ್ಛೆಗೆ ಬಿಟ್ಟದ್ದು. ಅದನ್ನು ಮಾಡಿಸಿದ್ದರೂ ಸಣ್ಣ ಗೀರಿಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. 1,500 ಸಿ.ಸಿ.ವರೆಗಿನ ಕಾರಿಗೆ ಮೊದಲ 1,000 ರೂಪಾಯಿ, ಅದಕ್ಕೂ ದೊಡ್ಡ ಎಂಜಿನ್ನಿಗೆ 2,000 ರೂಪಾಯಿ ಪಾಲಿಸಿದಾರರ ತಲೆಯ ಮೇಲೆಯೇ. ಪ್ಲಾಸ್ಟಿಕ್ ಭಾಗ ಬದಲಾಯಿಸಿದರೆ ಸಾಮಾನ್ಯ ಪಾಲಿಸಿಯಲ್ಲಿ ಸವಕಳಿಯೆಂದು ಅರ್ಧ ಬೆಲೆ ಕಳೆಯುತ್ತಾರೆ, ಬಣ್ಣದ ಸಾಮಗ್ರಿಯಲ್ಲೂ ಅರ್ಧ. ಇನ್ನು ವರ್ಷಪೂರ್ತಿ ಕ್ಲೇಮು ಮಾಡದವರಿಗೆ ಕಂತಿನಲ್ಲಿ 20 ಶೇಕಡದಿಂದ ಶುರುವಾಗಿ 50 ಶೇಕಡದವರೆಗೆ ಸಿಗುವ ರಿಯಾಯಿತಿ ಒಂದೇ ಕ್ಲೇಮಿಗೆ ಹೋಗಬಹುದು. ಎರವಲು ಕಾರಿನ ಪಾಲಿಸಿ ನಮ್ಮದಲ್ಲ, ಅದರ ಒಡೆಯರದು. ತಮ್ಮ ರಿಯಾಯಿತಿಯನ್ನು ನಮ್ಮ ಗೀರಿಗಾಗಿ ಯಾರು ಕಳೆದುಕೊಳ್ಳುತ್ತಾರೆ?

ಅಂದು ಇನ್ನೊಂದು ವಿಷಯ ನಡೆಯಿತು. ರಿಪೇರಿ ಮುಗಿದ ನಮ್ಮ ಕಾರನ್ನು ಹೊರಗೆ ತಂದರು. ಸೊಸೆ ಸುತ್ತ ನೋಡಿ, "ಮುಂದಿನ ಬಲಚಕ್ರದ ಕ್ಯಾಪ್ ಎಲ್ಲಿ?" ಎಂದಳು. "ಬರುವಾಗಲೇ ಇರಲಿಲ್ಲ ಮೇಡಂ" ಎಂಬ ಉತ್ತರ ಬಂತು. ಕಾರು ಬಿಟ್ಟ ದಿನ ಅವಳು ನಾಲ್ಕೂ ಕಡೆಯಿಂದ ಫೋನಿನಲ್ಲಿ ಫೋಟೋ ತೆಗೆದಿಟ್ಟಿದ್ದಳು, ತೋರಿಸಿದಳು. ಅರ್ಧ ಗಂಟೆಯಲ್ಲಿ ಹೊಸ ಕ್ಯಾಪ್ ಬಂತು.

ನನಗೆ ಹೊಳೆದದ್ದು ಆಗಲೇ. ಅವರ ಕಾರು ನಮ್ಮ ವಶದಲ್ಲಿದ್ದಷ್ಟು ದಿನವೂ ನಮ್ಮ ಕಾರು ಅವರ ವಶದಲ್ಲಿತ್ತು. 151ನೇ ಕಲಮು ಎರಡು ಕಡೆಗೂ ಒಂದೇ. ನಮ್ಮ ಬಾಯಿ ಕಟ್ಟಿಸುವ ಎರವಲಿನ ದಾಕ್ಷಿಣ್ಯ ಇಲ್ಲಿ ಬೇಕಿಲ್ಲ. ಅವರು ಉಪಕಾರಕ್ಕೆ ಕಾರು ಕೊಟ್ಟವರಲ್ಲ, ನಾವು ಬೇಡಿ ತಂದವರೂ ಅಲ್ಲ. ಇದು ವ್ಯಾಪಾರದ ಒಂದು ಭಾಗ. ಆದ್ದರಿಂದ ಹಾನಿಗೆ ತಕ್ಕ ಹಣ ಕೊಡುವುದು ನಮ್ಮ ಹೊಣೆ, ಹಾನಿಗೆ ಮೀರಿದ್ದನ್ನು ಪ್ರಶ್ನಿಸುವುದು ನಮ್ಮ ಹಕ್ಕು. ಲೆಕ್ಕ ಅನ್ಯಾಯವೆನಿಸಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಅಲ್ಲಿ ಮಾತಾಡುವುದು ಬಿಲ್ಲು, ಹಾಳೆ, ಫೋಟೋ.

ಇಷ್ಟು ಇತಿಹಾಸದಿಂದ ಮನೆಗೆ ತರಬೇಕಾದದ್ದು ಬಹಳವಿಲ್ಲ. ಯಾಜ್ಞವಲ್ಕ್ಯರಾಗಲಿ, 1872ರ ಕಾಯಿದೆಯಾಗಲಿ, ವಸ್ತುವಿಗೆ ಏನೂ ಆಗಲೇಬಾರದು ಎಂದು ಎಲ್ಲೂ ಹೇಳಲಿಲ್ಲ. ಬಳಸುವ ವಸ್ತುವಿಗೆ ಏನಾದರೂ ಆಗುತ್ತದೆ ಎಂದು ಗೊತ್ತಿದ್ದರಿಂದಲೇ ನಿಯಮ ಬರೆದರು. ಹೇಳಿದ ರೀತಿಯಲ್ಲಿ ಬಳಸಿ, ನಿಮ್ಮದರಂತೆ ಜೋಪಾನ ಮಾಡಿ, ಹೇಳಿದ ಹೊತ್ತಿಗೆ ಒಪ್ಪಿಸಿ. ಇಷ್ಟೇ ಅವರು ಕೇಳುವುದು. ಗೀರು ಬಿದ್ದರೆ ಅದು ದುಡ್ಡಿನ ಲೆಕ್ಕ. ಅದನ್ನು ಓಡಿಸಿದವಳ ಯೋಗ್ಯತೆಯ ಲೆಕ್ಕ ಮಾಡಿದ್ದು ನಮ್ಮ ಮನೆಗಳ ಮಾತು, ಶಾಸ್ತ್ರವೂ ಅಲ್ಲ, ಕಾನೂನೂ ಅಲ್ಲ.

ಆದ್ದರಿಂದ ಮುಂದೆ ಯಾರಾದರೂ ನಿಮ್ಮ ಕೈಗೆ ಎರವಲು ಕಾರಿನ ಕೀ ಕೊಟ್ಟರೆ ಅವಸರ ಮಾಡಬೇಡಿ. ಹಾಳೆಯಲ್ಲಿ ಮನೆಯ ಯಾರು ಯಾರು ಓಡಿಸಬಹುದೆಂದು ಬರೆದಿದೆ ನೋಡಿ. ನಿಮ್ಮ ಹೆಸರಿಲ್ಲದಿದ್ದರೆ, ಲೈಸೆನ್ಸ್ ತೋರಿಸಿ ಸೇರಿಸಲು ಹೇಳಿ. ಗಂಡನ ಸಹಿಯೊಂದೇ ಸಾಕೆಂದು ಬಿಡಬೇಡಿ. ವಿಮೆ ಎಲ್ಲಿಯವರೆಗೆ, ನಿಮ್ಮ ಪಾಲು ಎಷ್ಟು ಎಂದು ಕೇಳಿ ಬರೆಸಿಕೊಳ್ಳಿ. ಏನಾದರೂ ಆದರೆ ಅದೇ ದಿನ ಫೋನು ಮಾಡಿ ಹೇಳಿ. ಇವೆಲ್ಲಕ್ಕೂ ಮೊದಲು ಎರಡೂ ಕಾರುಗಳಿಗೆ, ಕೊಡುವುದಕ್ಕೂ ತರುವುದಕ್ಕೂ, ದೇವಸ್ಥಾನದಲ್ಲಿ ಹಾಕುವಂತೆ ನಿಧಾನವಾಗಿ ಒಂದು ಪ್ರದಕ್ಷಿಣೆ ಹಾಕಿ, ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಸಹಿ ಆಮೇಲೆ.